ಓದಲು ಕೂತರೂ ತಲೆಗೆ ಹತ್ತುವುದಿಲ್ಲ, ಯಾಕೆ?

ಉಡುಪಿ, ಮಂಗಳೂರು ಕಡೆ ನನ್ನ ಹಾಗೆ ಬಿ.ಎಡ್. ಓದುತ್ತಿರುವವರಿಗೆ ಈ ಟಿಪ್ಪಣಿ, ಭಾವನೆಗಳು ಕಲಿಕೆಗೆ ಹೇಗೆ ಅಡ್ಡ ಬರುತ್ತವೆ ಅನ್ನುವುದರ ಬಗ್ಗೆ. ಇದನ್ನು ಸುಮ್ನೆ ಉರು ಹೊಡೆಯಬೇಡಿ, ನಾಳೆ ಪಾಠ ಮಾಡಲು ಹೋದಾಗ ಕೊನೇ ಬೆಂಚಿನಲ್ಲಿ ಕಿಟಕಿ ನೋಡುತ್ತಾ ಕೂತ ಹುಡುಗನನ್ನು ಸೋಮಾರಿ ಅನ್ನುವ ಮೊದಲು ಇದು ನೆನಪಾಗಬೇಕು.

ಮೊದಲು ವರ್ಕಿಂಗ್ ಮೆಮೊರಿ. ಈ ಕ್ಷಣದ ಕೆಲಸಕ್ಕೆ ಬೇಕಾದದ್ದನ್ನು ಮನಸ್ಸು ಹಿಡಿದಿಟ್ಟುಕೊಳ್ಳುವುದು ಇಲ್ಲೇ. ಜಾಗ ಬಹಳ ಕಡಿಮೆ. ಒಮ್ಮೆಗೆ ಸುಮಾರು 4 ಸಂಗತಿ ಅಷ್ಟೇ ಅಂತ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಪಿಯುಸಿ ಹುಡುಗಿಯೊಬ್ಬಳು ಇಂಟಿಗ್ರೇಷನ್ ಲೆಕ್ಕ ಬಿಡಿಸುತ್ತಿದ್ದಾಳೆ ಅನ್ನಿ. ಮಾರ್ಕ್ಸ್ ಕಮ್ಮಿ ಬಂದರೆ ಅಪ್ಪ ಏನನ್ನುತ್ತಾರೋ, ಗೆಳತಿ ಮೆಸೇಜ್ ನೋಡಿಯೂ ಯಾಕೆ ಉತ್ತರ ಕೊಡಲಿಲ್ಲವೋ, ಇವೆರಡೂ ಅದೇ ಜಾಗದಲ್ಲಿ ಕೂತಿವೆ. ಸೂತ್ರ ಎಲ್ಲಿ ಕೂರಬೇಕು? ನಮ್ಮಲ್ಲಿ ಈ ಒತ್ತಡ ಜಾಸ್ತಿಯೇ ಅಲ್ವಾ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಮದುವೆ ಊಟದ ಪಂಕ್ತಿಯಲ್ಲೂ ಪರ್ಸೆಂಟೇಜ್ ಕೇಳುವವರು ನಾವು.

ಮಿದುಳಿನ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಹದಿಹರೆಯದಲ್ಲಿ ಅಮಿಗ್ಡಲಾದಂಥ ಭಾವನೆಯ ಭಾಗಗಳು ಬೇಗ ಚುರುಕಾಗುತ್ತವೆ, ಅವುಗಳ ಹತೋಟಿಗೆ ಬೇಕಾದ, ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯಲು 25ರ ಆಸುಪಾಸು ಆಗುತ್ತದೆ.

ಮುಖ್ಯವಾದದ್ದು ಸ್ವಅರಿವು, ಅಂದರೆ ತನ್ನೊಳಗೆ ಈಗ ಯಾವ ಭಾವನೆ ಇದೆ ಅಂತ ಗುರುತಿಸಿ ಹೆಸರಿಸುವುದು. ಮನೋವಿಜ್ಞಾನಿ ಲೀಬರ್‌ಮನ್ ಮತ್ತು ಜೊತೆಗಾರರ 2007ರ ಅಧ್ಯಯನದಲ್ಲಿ, ಚಿತ್ರದ ಮುಖದಲ್ಲಿ ಕಾಣುವ ಭಾವನೆಗೆ ಹೆಸರು ಕೊಟ್ಟಾಗ ನೋಡುವವರ ಅಮಿಗ್ಡಲಾದ ಚಟುವಟಿಕೆ ತಗ್ಗಿತು. ನನಗೆ ಇದಕ್ಕಿಂತ ಇಷ್ಟವಾದದ್ದು ರಾಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ಮಾಡಿದ ಅಧ್ಯಯನ. ಪರೀಕ್ಷೆಗೆ ಸ್ವಲ್ಪ ಮುಂಚೆ 10 ನಿಮಿಷ ತಮ್ಮ ಆತಂಕದ ಬಗ್ಗೆಯೇ ಬರೆದವರಲ್ಲಿ, ಪರೀಕ್ಷೆ ಅಂದರೆ ತುಂಬಾ ಹೆದರುವ ಮಕ್ಕಳ ಅಂಕ ಸುಧಾರಿಸಿತು. ಅದರಲ್ಲಿ ಒಂಬತ್ತನೇ ಕ್ಲಾಸಿನವರೂ ಇದ್ದರು, ಅಂದರೆ ನಾವು ಪಾಠ ಮಾಡಬೇಕಾದ ವಯಸ್ಸಿನವರೇ.

ಆದರೆ ತನ್ನ ಬಗ್ಗೆಯೇ ಕೊರಗುತ್ತಾ ಕೂರುವುದು ಸ್ವಅರಿವಲ್ಲ, ಇಲ್ಲಿ ಜಾಸ್ತಿ ಜನ ಎಡವುತ್ತಾರೆ. 'ನಾನು ದಡ್ಡ' ಅನ್ನುವುದು ತೀರ್ಪು. ಅದರಿಂದ ಕೊರಗು ಇನ್ನಷ್ಟು ಬೆಳೆಯುತ್ತದೆ. 'ನಾಳಿನ ವೈವಾಗೆ ಹೆದರಿಕೆ ಆಗುತ್ತಿದೆ' ಅಂದರೆ ಮುಂದೇನು ಮಾಡಬಹುದು ಅಂತ ಯೋಚಿಸಲು ದಾರಿ ಇದೆ.

ಎಲ್ಲವನ್ನೂ ಭಾವನೆಯ ತಲೆಗೆ ಕಟ್ಟಲೂಬೇಡಿ. 13ರಿಂದ 18 ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ಕುಂದಾಪುರದ ಬಸ್ ಹಿಡಿದು ಬಂದವನು ತೂಕಡಿಸಿದರೆ, ಅವನಿಗೆ ಬೇಕಾದದ್ದು ಹಾಸಿಗೆ.