ಕಾನ್ಫಿಗರೇಷನ್ ಟೆಂಪ್ಲೇಟ್: ಎರೆದ ಮೇಲೂ ನಂಟು ಬಿಡದ ಅಚ್ಚು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ವಾ? ಮರದ ಅಚ್ಚಿಗೆ ಪಾಕ ಎರೆದು ಬಿಡಿಸಿದರೆ ಆನೆ ಬರುತ್ತದೆ. ಅಲ್ಲಿಗೆ ಅಚ್ಚಿಗೂ ಆನೆಗೂ ಸಂಬಂಧ ಮುಗಿಯಿತು. ಟೆಂಪ್ಲೇಟ್, ಅಂದರೆ ನೆಟ್‌ವರ್ಕ್ ಸಾಧನಗಳ ಸೆಟ್ಟಿಂಗ್‌ಗಳನ್ನು ಒಂದೇ ಕಡೆ ಬರೆದಿಡುವ ನಮೂನೆ, ಅದೂ ಅಚ್ಚೇ. ಆದರೆ ಹಲವು ನೆಟ್‌ವರ್ಕ್ ವ್ಯವಸ್ಥೆಗಳಲ್ಲಿ ಈ ನಂಟು ಮುಗಿಯುವುದಿಲ್ಲ. ಅಚ್ಚಿನಲ್ಲಿ ಸೊಂಡಿಲು ತಿದ್ದಿದರೆ, ಮೊದಲೇ ಎರೆದಿಟ್ಟ ಆನೆಗಳ ಸೊಂಡಿಲೂ ಬದಲಾಗುತ್ತದೆ.

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಉಡುಪಿ ಹೋಟೆಲಿಗೆ ನಾಲ್ಕು ಶಾಖೆಗಳಿವೆ: ಮಾಟುಂಗಾ, ಠಾಣೆ, ಡೊಂಬಿವಲಿ, ಪುಣೆಯ ಕೋಥ್ರೂಡ್. ಮೊದಲು ಗಿರಾಕಿಗಳ ವೈಫೈ ಪಾಸ್‌ವರ್ಡ್ ಬದಲಿಸಲೂ ರೈಲು ಹಿಡಿದು ಒಂದೊಂದು ಶಾಖೆಗೆ ಹೋಗುತ್ತಿದ್ದೆ. ಈಗ ನಾಲ್ಕೂ ಒಂದೇ ಟೆಂಪ್ಲೇಟಿಗೆ ಸೇರಿವೆ. ಅಲ್ಲಿ ಒಂದು ಸಲ ಬದಲಿಸಿದರೆ ಸಾಕು.

ಟೆಂಪ್ಲೇಟಿನಲ್ಲಿ ಏನಿರುತ್ತದೆ? ಎಲ್ಲ ಕಡೆ ಒಂದೇ ಆಗಿರಬೇಕಾದದ್ದು. ವೈಫೈ ಹೆಸರು, ಫೈರ್‌ವಾಲ್ ನಿಯಮ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದು), ವಿಲ್ಯಾನ್ ಸಂಖ್ಯೆ. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ (ಸಾಧನಗಳ ತಂತಿಗಳನ್ನು ಜೋಡಿಸುವ ಪೆಟ್ಟಿಗೆ) ಹಾಕಿದ ಬೇರೆ ಬೇರೆ ಕೋಣೆಗಳು. ನಮ್ಮಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಅಡುಗೆಮನೆಯ ಕೆಓಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಪ್ರಿಂಟರ್ 10ರಲ್ಲಿ, ಗಿರಾಕಿಗಳ ವೈಫೈ 20ರಲ್ಲಿ, ಸಿಸಿಟಿವಿ 30ರಲ್ಲಿ.

ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ಮಾತ್ರ ಹಾಗಲ್ಲ. ಎಲ್ಲ ಶಾಖೆಗೂ 192.168.1.0 ಅಂತಲೇ ಕೊಟ್ಟು ವಿಪಿಎನ್‌ನಲ್ಲಿ (ಇಂಟರ್ನೆಟ್ ಮೇಲೆ ಶಾಖೆಗಳ ನಡುವಿನ ಖಾಸಗಿ ದಾರಿ) ಜೋಡಿಸಿದರೆ, ಯಾವುದು ಠಾಣೆ, ಯಾವುದು ಪುಣೆ ಅಂತ ದಾರಿ ತೋರುವ ರೂಟರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಟೆಂಪ್ಲೇಟಿನಲ್ಲಿ ಆ ಜಾಗವನ್ನು ಖಾಲಿ ಬಿಡುತ್ತಾರೆ. ಈ ಖಾಲಿ ಜಾಗಕ್ಕೆ ವೇರಿಯಬಲ್ ಅನ್ನುತ್ತಾರೆ. 10.ಶಾಖೆ.10.0 ಎಂದು ಬರೆದಿಟ್ಟರೆ ಮಾಟುಂಗಾಕ್ಕೆ 10.1.10.0, ಠಾಣೆಗೆ 10.2.10.0 ಆಗುತ್ತದೆ. /24 ಅಳತೆಯಲ್ಲಿ, ಅಂದರೆ ವಿಳಾಸದ ಕೊನೆಯ ಅಂಕಿ ಮಾತ್ರ ಬದಲಾಗುವಾಗ, ಒಂದೊಂದರಲ್ಲೂ 254 ಸಾಧನಗಳಿಗೆ ಜಾಗ ಸಿಗುತ್ತದೆ. ಹೋಟೆಲಿಗೆ ಅದೇ ಜಾಸ್ತಿ.

ಇನ್ನೊಂದು ಮಾತು ಓವರ್‌ರೈಡ್. ಒಂದು ಶಾಖೆಗೆ ಮಾತ್ರ ಅಲ್ಲಿನ ಸೆಟ್ಟಿಂಗ್ ಬದಲಿಸುವುದು. ಇದನ್ನು ಸುಮ್ನೆ ಮಾಡಬೇಡಿ, ಮಾಡಿದರೆ ಬರೆದಿಡಿ. ಹಲವು ವ್ಯವಸ್ಥೆಗಳಲ್ಲಿ, ಒಮ್ಮೆ ಓವರ್‌ರೈಡ್ ಆದ ಸೆಟ್ಟಿಂಗಿಗೆ ಆಮೇಲೆ ಟೆಂಪ್ಲೇಟಿನ ಬದಲಾವಣೆ ತಲುಪುವುದೇ ಇಲ್ಲ. ಆರು ತಿಂಗಳ ನಂತರ ಡೊಂಬಿವಲಿ ಒಂದೇ ಯಾಕೆ ಬೇರೆ ಥರ ನಡೆಯುತ್ತಿದೆ ಅಂತ ಹುಡುಕಬೇಕಾಗುತ್ತದೆ.

ನಂಟು ಬಿಡದ ಅಚ್ಚಿನಲ್ಲಿ ತಪ್ಪೂ ಅಷ್ಟೇ ಬೇಗ ಹರಡುತ್ತದೆ. ಒಂದು ಮಧ್ಯಾಹ್ನ ಸ್ವಿಚ್ಚಿನಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಚುಚ್ಚುವ ಪೋರ್ಟಿಗೆ 10ರ ಬದಲು 20 ಅಂತ ಒತ್ತಿಬಿಟ್ಟೆ. ನಾಲ್ಕೂ ಕಡೆಯ ಬಿಲ್ಲಿಂಗ್ ಕಂಪ್ಯೂಟರ್‌ಗಳು ಗಿರಾಕಿಗಳ ವೈಫೈ ಕೋಣೆಗೆ ಹೋದವು. ಕೆಓಟಿ ಪ್ರಿಂಟರ್ ಅವುಗಳಿಗೆ ಕಾಣಿಸಲೇ ಇಲ್ಲ. ಊಟದ ಹೊತ್ತು, ಒಳಗೆ ಆರ್ಡರೇ ಹೋಗುತ್ತಿಲ್ಲ. ಸರಿ ಮಾಡುವ ತನಕ ಹುಡುಗರು ಚೀಟಿಯಲ್ಲಿ ಬರೆದುಕೊಂಡು ಅಡುಗೆಮನೆಗೆ ಓಡಾಡಿದರು. ಅವರಿಗೆ ನಾನು ಕೊಟ್ಟ ಆ ತೊಂದರೆ ಇನ್ನೂ ನೆನಪಿದೆ.

ಈಗ ಟೆಂಪ್ಲೇಟಿನ ಒಂದು ನಕಲು ಇಟ್ಟುಕೊಂಡಿದ್ದೇನೆ. ಬದಲಾವಣೆ ಮೊದಲು ಅದರಲ್ಲಿ. ರಾತ್ರಿ ಶಟರ್ ಎಳೆದ ಮೇಲೆ ಕೋಥ್ರೂಡ್ ಶಾಖೆಯನ್ನು ಆ ನಕಲಿಗೆ ಸೇರಿಸುತ್ತೇನೆ. ಬೆಳಗ್ಗೆ ಅಲ್ಲಿ ಮೊದಲ ಇಡ್ಲಿಯ ಕೆಓಟಿ ಬಂತು ಅಂತ ಫೋನ್ ಬಂದ ಮೇಲೇ ಉಳಿದ ಮೂರರ ಟೆಂಪ್ಲೇಟನ್ನು ಮುಟ್ಟುವುದು.