ಕಾಲಿನ ನರ ತಲೆಗೇರುತ್ತದೆಯೇ?

ಮಡಿಕೇರಿಯ ನನ್ನ ಕೊಠಡಿಗೆ ಶಾರ್ಕೋ-ಮೇರಿ-ಟೂತ್ ಎಂಬ, ವಂಶದಲ್ಲಿ ಬಂದು ಕೈಕಾಲಿನ ನರಗಳನ್ನು ನಿಧಾನವಾಗಿ ಕೆಡಿಸುವ ಕಾಯಿಲೆಯ ಮಕ್ಕಳನ್ನು ಕರೆತರುವವರು ಕಾಲಿನ ಬಗ್ಗೆ ಎರಡು ಮಾತಾಡಿ, ಮಗುವನ್ನು ಹೊರಗೆ ಕೂರಿಸಿ, ದನಿ ತಗ್ಗಿಸಿ ಕೇಳುತ್ತಾರೆ: "ಇದು ತಲೆಗೂ ಏರುತ್ತದೆಯೇ?"

ಮಿದುಳಿನ ಕಾಯಿಲೆಗೂ ನರರೋಗ, ಪಾದದ ಜೋಮಿಗೂ ನರರೋಗ ಎನ್ನುತ್ತೇವಲ್ಲ, ಗೊಂದಲ ಅಲ್ಲೇ ಹುಟ್ಟುತ್ತದೆ. ಕೈಕಾಲಿನ ನರಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವ ಜೀವಕೋಶಗಳೇ ಬೇರೆ, ಮಿದುಳಿನಲ್ಲಿ ಸುತ್ತುವವೇ ಬೇರೆ. ಅತಿ ಸಾಮಾನ್ಯವಾದ 1ಎ ಬಗೆಯಲ್ಲಿ 17ನೇ ಕ್ರೋಮೋಸೋಮಿನ ಪಿಎಂಪಿ22 ವಂಶವಾಹಿ ಎರಡರ ಬದಲು ಮೂರು ಪ್ರತಿ ಇರುತ್ತದೆ. ಕೆಡುವುದು ಹೊರಗಿನ ನರಗಳ ಹೊದಿಕೆ. ಕಾಯಿಲೆ ಪಾದದಿಂದ ಮೊಣಕಾಲಿನತ್ತ ಬರಬಹುದು, ವರ್ಷಗಳ ನಂತರ ಕೈಬೆರಳಿಗೂ ಬರಬಹುದು. ಅಲ್ಲಿಂದ ತೋಳು ಹತ್ತಿ, ಕತ್ತು ದಾಟಿ ಬುದ್ಧಿಗೆ ತಲುಪುವುದಿಲ್ಲ. ಇದನ್ನು ಒಂದೇ ಮನೆಯವರಿಗೆ ಮೂರು ಬಾರಿ ಹೇಳಿದ್ದೇನೆ, ನಾಲ್ಕನೆಯ ಬಾರಿಯೂ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯಿಂದ ಒಂಬತ್ತನೇ ತರಗತಿಯ ಹುಡುಗ ಬಂದಿದ್ದ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಮೆಟ್ಟಿಲಿನ ಕೆಸರಿನಲ್ಲಿ ಕಳಚಿಕೊಂಡಿದ್ದು ಅವನಿಗೆ ತಿಳಿದೇ ಇರಲಿಲ್ಲ. "ಮಂದಬುದ್ಧಿ" ಎಂದು ಶಾಲೆಯವರು ಹೇಳಿದ್ದರಂತೆ. ನೋಟ್‌ಬುಕ್ ತೆರೆದೆ. ಮೊದಲ ಪುಟದ ಅಕ್ಷರ ದುಂಡಗಿತ್ತು. ಮೂರನೆಯ ಪುಟಕ್ಕೆ ಬೆರಳು ಸೋತು ಸಾಲುಗಳು ಜಾರಿದ್ದವು, ಉತ್ತರ ಅರ್ಧಕ್ಕೇ ನಿಂತಿತ್ತು. ಐವತ್ತು ಕಿಲೋ ತೂಗುವ ಮೂವತ್ತೇಳು ಚೀಲ ಕಾಫಿ ಎಷ್ಟಾಯಿತು ಎಂದು ಬಾಯಲ್ಲೇ ಕೇಳಿದೆ. ನಾನು ಪೆನ್ನು ಎತ್ತುವ ಮೊದಲೇ 1,850 ಎಂದ. ಆ ಮಗುವಿಗೆ ಬೇಕಿದ್ದದ್ದು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಕಣಕಾಲಿಗೆ ಆಸರೆ, ಹಿಂದೆ ಪಟ್ಟಿಯಿರುವ ಚಪ್ಪಲಿ. ಮಂದ ಎಂಬ ಮಾತು ಕೇಳಿ ಕೇಳಿ ಅವನು ತಲೆ ತಗ್ಗಿಸಿ ಕೂರುವುದನ್ನು ಕಲಿತಿದ್ದ, ಅದು ನನಗೆ ಇಂದಿಗೂ ಸಂಕಟ.

ಆದರೂ ಎಲ್ಲರಿಗೂ ಒಂದೇ ಭರವಸೆ ಕೊಡಲಾರೆ. ಇದೇ ಕಾಯಿಲೆಯ ಇನ್ನೊಂದು ಬಗೆಯಲ್ಲಿ ಎಕ್ಸ್ ಕ್ರೋಮೋಸೋಮಿನ ಜಿಜೆಬಿ1 ವಂಶವಾಹಿ ಕೆಟ್ಟಿರುತ್ತದೆ, ಅಂಥ ಮನೆಗಳ ವಿಷಯ ಬೇರೆ. ಅದು ತಯಾರಿಸುವ ಕನೆಕ್ಸಿನ್ 32 ಎಂಬ ಪ್ರೋಟೀನು ಮಿದುಳಿನ ಹೊದಿಕೆಯ ಕೋಶಗಳಲ್ಲೂ ಇದೆ. ಅಂಥವರಲ್ಲಿ ಕೆಲವರಿಗೆ, ಹೆಚ್ಚಾಗಿ ಹುಡುಗರಿಗೆ, ಜ್ವರ ಬಂದಾಗ ಅಥವಾ ತೀರಾ ಎತ್ತರದ ಜಾಗಕ್ಕೆ ಹೋದಾಗ ಮಾತು ತೊದಲಿ, ಕೈಕಾಲು ಸೋಲಬಹುದು. ಸಾಮಾನ್ಯವಾಗಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಡಿಕೇರಿಯ ಎತ್ತರಕ್ಕೆ ಹೆದರಬೇಕಿಲ್ಲ. ಲಡಾಖ್‌ಗೆ ಬೈಕಿನಲ್ಲಿ ಹೊರಟಿರುವ ವಿರಾಜಪೇಟೆಯ ಹುಡುಗ ಮಾತ್ರ ಮೊದಲು ನನ್ನನ್ನು ಕಂಡು ಹೋಗಲಿ. ಇನ್ನು ಮಾತು ತೊದಲಿದಾಗ, ತಾನಾಗಿ ಸರಿಹೋಗುವ ಬಗೆ ಇದು ಎಂದು ಮನೆಯಲ್ಲೇ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ನಿಜವಾದ ಪಾರ್ಶ್ವವಾಯು ಹೌದೋ ಅಲ್ಲವೋ ಎಂಬುದನ್ನು ಸ್ಕ್ಯಾನ್ ನೋಡಿ ನಾವು ಹೇಳುತ್ತೇವೆ.