ಮಿಷನ್ ಲೈಟ್ ಬಿಡಿ, ಕೊನೆ ಗೂಟದ ಲೈಟ್ ನೋಡಿ

ಭತ್ತ ತೆನೆ ಬಲಿಯುವ ಹೊತ್ತು. ಹಾನುಬಾಳು ಕಡೆಯ ಒಂದು ತೋಟದಿಂದ ಬೆಳಿಗ್ಗೆ ಆರಕ್ಕೇ ಫೋನ್ ಬಂತು. ರಾತ್ರಿ ಮೂರು ಆನೆ ಗದ್ದೆಗೆ ಇಳಿದು ಹೋಗಿದ್ದವು. ಯಜಮಾನರಿಗೆ ಸಿಟ್ಟು. 'ರಾತ್ರಿ ಮಲಗುವಾಗಲೂ ನೋಡಿದ್ದೆ, ಲೈಟ್ ಬಡೀತಾ ಇತ್ತು. ನಿಮ್ಮ ಬೇಲಿ ಇದೇನಾ?' ಅಂದರು. ನಾನು ಹೋದಾಗಲೂ, ಸೋಲಾರ್ ಬೇಲಿಯ ತಂತಿಗೆ ಶಾಕ್ ಬಡಿಯುವ ಮಿಷನ್ ಜಗಲಿಯ ಮೇಲೆ ಟಕ್ ಟಕ್ ಅನ್ನುತ್ತಲೇ ಇತ್ತು, ಕೆಂಪು ಲೈಟ್ ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇತ್ತು. ಅವರು ಹೇಳಿದ್ದು ಸುಳ್ಳಲ್ಲ.

ಮೀಟರ್ ಹಿಡಿದು ಬೇಲಿ ಉದ್ದಕ್ಕೂ ನಡೆದೆವು. ಮನೆ ಹತ್ತಿರ 7,400 ವೋಲ್ಟ್. ಹಲಸಿನ ಮರದ ತಿರುವು ದಾಟಿದ ಕೂಡಲೇ ಸೊನ್ನೆ. ಅಲ್ಲೊಂದು ಜಾಯಿಂಟ್ ಇತ್ತು. ಯಾರೋ ಎರಡು ತಂತಿಯ ತುದಿಗಳನ್ನು ಕೊಕ್ಕೆ ಮಾಡಿ ಒಂದಕ್ಕೊಂದು ಸಿಕ್ಕಿಸಿ ಬಿಟ್ಟಿದ್ದರು. ಕೊಕ್ಕೆಯೊಳಗೆ ತುಕ್ಕು, ತುಕ್ಕಿನ ಮೇಲೆ ಪಾಚಿ. ಕಣ್ಣಿಗೆ ತಂತಿ ಬಿಗಿಯಾಗಿಯೇ ಕಾಣುತ್ತಿತ್ತು, ಕರೆಂಟ್ ಮಾತ್ರ ದಾಟುತ್ತಿರಲಿಲ್ಲ. ಆನೆ ಇಳಿದದ್ದು ಅಲ್ಲಿಂದ ನೂರು ಮಾರು ಆಚೆ.

ಸೋಲಾರ್ ಬೇಲಿ ಹಾಕಿಸಿದ ಹತ್ತು ಜನರಲ್ಲಿ ಎಂಟು ಜನ ಮಿಷನ್ ಲೈಟ್ ನಂಬಿ ಕೂರುವ ಇದೇ ತಪ್ಪು ಮಾಡುತ್ತಾರೆ. ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆ ಯಾವ ಕಂಪನಿಯದ್ದಾದರೂ ಐಬೆಕ್ಸ್ ಬೇಲಿ ಅಂತಲೇ ಕರೆಯುವುದು ರೂಢಿ. ಯಾವುದಾದರೂ ಇರಲಿ, ಮಿಷನ್ ಮೇಲಿನ ಲೈಟ್ ಹೇಳುವುದು ಒಂದೇ ಮಾತು: 'ನಾನು ಬಡೀತಾ ಇದ್ದೀನಿ.' ಆ ಬಡಿತ ಬೇಲಿಯ ಕೊನೆ ತನಕ ಹೋಯಿತಾ, ಮಧ್ಯೆ ಲಂಟಾನಾ ಪೊದೆ ಕುಡಿದುಕೊಂಡಿತಾ, ಅದಕ್ಕೆ ಗೊತ್ತಿಲ್ಲ. ಪಂಪ್‌ಸೆಟ್ ಓಡುವ ಸದ್ದು ಕೇಳಿ ಮೇಲಿನ ಗದ್ದೆಗೆ ನೀರು ಬಂತು ಅಂದುಕೊಂಡ ಹಾಗೆ ಅದು.

ಅದಕ್ಕೇ ನಾನು ಮಿಷನ್ ಮಾರುವಾಗಲೇ ಇನ್ನೊಂದು ಲೈಟ್ ಹಾಕಿಸಿ ಅಂತ ಪೀಡಿಸುತ್ತೇನೆ. ಮಿಷನ್‌ನಿಂದ ಅತಿ ದೂರದ ಗೂಟಕ್ಕೆ, ತಂತಿ ಮುಗಿಯುವ ಜಾಗಕ್ಕೆ. ಅದು ಮಿನುಗುತ್ತಿದ್ದರೆ ಮಧ್ಯದ ಪ್ರತಿ ಜಾಯಿಂಟೂ ಸರಿ ಇದೆ ಅಂತ ಅರ್ಥ. ಆದರೆ ಇಲ್ಲೊಂದು ಷರತ್ತು ಇದೆ. ತೋಟ ಸುತ್ತಿ ಬಂದ ತಂತಿಯನ್ನು ಕೆಲವರು ಮತ್ತೆ ಮಿಷನ್‌ಗೇ ತಂದು ಕಟ್ಟುತ್ತಾರೆ. ಆಗ ಒಂದು ಕಡೆ ತಂತಿ ಹರಿದರೂ ಇನ್ನೊಂದು ಕಡೆಯಿಂದ ಕರೆಂಟ್ ಬರುತ್ತದೆ. ಲೈಟ್ ಏನೂ ಆಗದ ಹಾಗೆ ಮಿನುಗುತ್ತಲೇ ಇರುತ್ತದೆ. ಒಂದು ತುಂಡು ಕೈ ಕೊಟ್ಟರೂ ಬೇಲಿ ನಡೆಯಲಿ ಅನ್ನುವುದು ಅವರ ಲೆಕ್ಕ, ತಪ್ಪಲ್ಲ. ಆದರೆ ಹರಿದದ್ದು ಗೊತ್ತಾಗಬೇಕಾದರೆ ಕೊನೆಯನ್ನು ಬಿಚ್ಚಿಯೇ ಇಡಬೇಕು.

ಲೈಟ್ ಅಂದರೆ ಎಂಥ ಲೈಟ್? ಲೈನ್ ಟೆಸ್ಟರ್ ಒಳಗೆ ಇರುತ್ತದಲ್ಲ, ಆ ಸಣ್ಣ ನಿಯಾನ್ ಬಲ್ಬೇ ಸಾಕು. ಆದರೆ ಅದನ್ನು ಸುಮ್ನೆ ಒಂದು ರೆಸಿಸ್ಟರ್ (ಕರೆಂಟ್ ತಡೆಯುವ ಸಣ್ಣ ಬಿಡಿಭಾಗ) ಜೊತೆ ತಂತಿಗೆ ಕಟ್ಟಿದರೆ ಮೋಸ ಹೋಗುತ್ತೀರಿ. ನಿಯಾನ್ ಹತ್ತಿಕೊಳ್ಳಲು 80 ವೋಲ್ಟ್ ಆಸುಪಾಸು ಸಾಕು. ಬೇಲಿ 7,000ದಿಂದ 600ಕ್ಕೆ ಇಳಿದಿದ್ದರೂ ಅದು ಖುಷಿಯಾಗಿ ಮಿನುಗುತ್ತದೆ. 600 ವೋಲ್ಟ್ ಬೇಲಿ ಆನೆಗೆ ಯಾವ ಲೆಕ್ಕ? ಮೀಟರ್ 5,000ಕ್ಕಿಂತ ಕೆಳಗೆ ತೋರಿಸಿದರೆ ನಾನಂತೂ ಅದನ್ನು ಆನೆ ಬೇಲಿ ಅನ್ನುವುದಿಲ್ಲ.

ಹಾಗಾಗಿ ಲೈಟ್ ಬರೀ ಹತ್ತಿದರೆ ಸಾಲದು, ಸರಿಯಾದ ಮಟ್ಟದಲ್ಲೇ ಹತ್ತಬೇಕು. ನಾನು ಮಾಡುವುದು ಹೀಗೆ. 47 ಕಿಲೋ ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ ಇಪ್ಪತ್ತನ್ನು ಸರಪಳಿಯಂತೆ ಒಂದರ ಹಿಂದೊಂದು ಬೆಸೆಯುತ್ತೇನೆ. ಸರಪಳಿಯ ಕೊನೆಗೆ ನಿಯಾನ್, ನಿಯಾನ್‌ನ ಎರಡು ಕಾಲಿಗೆ ಅಡ್ಡಲಾಗಿ 15 ಕಿಲೋ ಓಮ್‌ನ ಇನ್ನೊಂದು. ಬೇಲಿಯಲ್ಲಿ ಸುಮಾರು 5,000 ವೋಲ್ಟ್ ಇದ್ದಾಗ ಬಲ್ಬಿನ ಪಾಲಿಗೆ 80 ವೋಲ್ಟ್ ಬರುತ್ತದೆ. ಅದಕ್ಕಿಂತ ಕೆಳಗಾದರೆ ಕತ್ತಲು. ಬಲ್ಬಿನಿಂದ ಬಲ್ಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಅದಕ್ಕೆ ಕಟ್ಟುವ ಮೊದಲು ಮೀಟರ್ ಇಟ್ಟು ನೋಡಿಕೊಳ್ಳಿ. ಇಪ್ಪತ್ತು ಯಾಕೆ, ಅವೆಲ್ಲದರ ಒಟ್ಟು ಓಮ್ ಇರುವ ಒಂದೇ ರೆಸಿಸ್ಟರ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಇಷ್ಟು ಸಣ್ಣ ರೆಸಿಸ್ಟರ್ ತಡೆಯುವುದು ಕೆಲವು ನೂರು ವೋಲ್ಟ್ ಮಾತ್ರ. ಏಳು ಸಾವಿರ ಬಿದ್ದರೆ ಕರೆಂಟ್ ಅದರ ಮೈಮೇಲೇ ಹಾರಿ ಹೋಗುತ್ತದೆ. ಇಪ್ಪತ್ತು ಜನ ಹೊತ್ತರೆ ಒಬ್ಬೊಬ್ಬರಿಗೆ 350 ವೋಲ್ಟ್.

ಇದೆಲ್ಲ ತಲೆನೋವು ಬೇಡ ಅನ್ನುವವರಿಗೆ ಅಂಗಡಿಯಲ್ಲಿ ತಯಾರು ಲೈಟೂ ಸಿಗುತ್ತದೆ. ಎಷ್ಟು ವೋಲ್ಟ್‌ಗೆ ಹತ್ತುತ್ತದೆ ಅಂತ ಕೇಳಿ ತನ್ನಿ. ಅಂಗಡಿಯವನು ತಡವರಿಸಿದರೆ ಬೇರೆ ಅಂಗಡಿ ನೋಡಿ.

ಕೂರಿಸುವಾಗ ಒಂದು ಗೇಣು ಪಿವಿಸಿ ಪೈಪ್ ತುಂಡಿನೊಳಗೆ ಇಡಿ, ಬಾಯಿ ಮನೆ ಕಡೆಗೆ ಇರಲಿ. ನಿಯಾನ್ ಬೆಳಕು ಹಗಲಲ್ಲಿ ಕಾಣುವುದಿಲ್ಲ. ರಾತ್ರಿ ಜಗಲಿಯಿಂದಲೋ, ಕೂಲಿಯವರ ಲೈನ್ ಮನೆ ಬಾಗಿಲಿಂದಲೋ ಕಾಣುವ ಹಾಗಿದ್ದರೆ ಸಾಕು. ಕಗ್ಗತ್ತಲಲ್ಲಿ ನಿಯಾನ್ ಒಂದೊಂದು ಬಡಿತ ತಪ್ಪಿಸುವುದು ಉಂಟು, ಗಾಬರಿ ಬೇಡ. ಹತ್ತು ಎಣಿಸಿ ನೋಡಿ. ಏಳೆಂಟು ಸಲ ಮಿನುಗಿದರೆ ಬೇಲಿ ಗಟ್ಟಿ ಇದೆ.

ಈಗ ಅರ್ಥಿಂಗ್ ವಿಷಯ. ಲೈಟಿನ ಒಂದು ಕಾಲು ಬೇಲಿ ತಂತಿಗೆ, ಇನ್ನೊಂದು ಎಲ್ಲಿಗೆ? ಬಹಳ ಜನ ಪಕ್ಕದಲ್ಲೇ ಇರುವ ಅರ್ಥ್ ತಂತಿಗೆ ಕಟ್ಟಿಬಿಡುತ್ತಾರೆ, ಸುಲಭ ಅಂತ. ನಾನು ಆ ಗೂಟದ ಬುಡದಲ್ಲಿ ಒಂದೂವರೆ ಅಡಿ ಕಬ್ಬಿಣದ ಸರಳು ಹೊಡೆದು ಅದಕ್ಕೆ ಕಟ್ಟುತ್ತೇನೆ. ಯಾಕೆ ಅಂದರೆ ಆನೆ ನಿಂತಿರುವುದೂ ಮಣ್ಣಿನ ಮೇಲೇ ಅಲ್ವಾ? ತಂತಿಯಿಂದ ಆನೆಗೆ, ಆನೆಯ ಕಾಲಿನಿಂದ ನೆಲಕ್ಕೆ, ನೆಲದಿಂದ ಮಿಷನ್‌ನ ಅರ್ಥ್ ಗುಂಡಿಗೆ ಕರೆಂಟ್ ವಾಪಸ್ ಬರಬೇಕು. ಆ ದಾರಿ ಪೂರ್ತಿಯಾದರೆ ಮಾತ್ರ ಶಾಕ್. ಲೈಟೂ ಅದೇ ದಾರಿಯಲ್ಲಿ ಕೂತಿದ್ದರೆ ಆ ದಾರಿಯ ಸುದ್ದಿಯನ್ನೂ ಸ್ವಲ್ಪ ಮಟ್ಟಿಗೆ ಹೇಳುತ್ತದೆ.

ಇದರ ಬೆಲೆ ಗೊತ್ತಾಗುವುದು ಮಾರ್ಚ್‌ನಲ್ಲಿ. ಹೂಮಳೆ ತಡವಾಗಿ ನೆಲ ಬಿರುಕು ಬಿಟ್ಟಿರುತ್ತದೆ. ಬೇಲಿ ತಂತಿಗೂ ಅರ್ಥ್ ತಂತಿಗೂ ನಡುವೆ ಮೀಟರ್ ಹಿಡಿದರೆ 7,000 ತೋರಿಸುತ್ತದೆ, ಸರಳಿಗೆ ಕಟ್ಟಿದ ಲೈಟ್ ಮಾತ್ರ ಮಂಕಾಗುವುದು ಉಂಟು. ಲೈಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ವಾಪಸ್ ಬರದೆ ಇರಬಹುದು. ಮಿಷನ್‌ನ ಅರ್ಥ್ ಗುಂಡಿಗೆ ಎರಡು ಕೊಡ ನೀರು ಸುರಿಯಿರಿ. ಅದಕ್ಕೂ ಬಗ್ಗದಿದ್ದರೆ ಸರಳುಗಳು ಸಾಲುತ್ತಿಲ್ಲ. ಮೂರು ಸರಳು ಇರಬೇಕು, ಒಂದೊಂದೂ ಆಳಕ್ಕೆ ಇಳಿದಿರಬೇಕು, ಮಧ್ಯೆ ಹತ್ತು ಅಡಿ ಅಂತರ ಬೇಕು. ಒಂದೇ ಸರಳು ಹೊಡೆದು ಬಿಲ್ಲಿನಲ್ಲಿ ಮೂರು ಬರೆದ ಜಾಗಗಳನ್ನೂ ನೋಡಿದ್ದೇನೆ. ಅಗೆದು ನೋಡುವವರು ಯಾರು?

ಮಳೆಗಾಲದಲ್ಲಿ ಕಥೆ ಉಲ್ಟಾ. ಪುನರ್ವಸು, ಪುಷ್ಯ ಮಳೆ ಹಿಡಿದರೆ ನಮ್ಮಲ್ಲಿ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ನೆಲ ಒದ್ದೆ, ಅರ್ಥಿಂಗ್ ಬೊಂಬಾಟ್. ಆದರೆ ಪ್ಯಾನೆಲ್‌ನಿಂದ ಬ್ಯಾಟರಿಗೆ ಏನೂ ಹೋಗುವುದಿಲ್ಲ. ಜೊತೆಗೆ ಹುಲ್ಲು ವಾರದಲ್ಲಿ ಮೊಣಕಾಲುದ್ದ ಬೆಳೆದು ತಂತಿಗೆ ತಾಗುತ್ತದೆ, ಒದ್ದೆ ಹುಲ್ಲು ಕರೆಂಟನ್ನು ನೆಲಕ್ಕೆ ಇಳಿಸುತ್ತದೆ. ಸಿಲ್ವರ್ ಓಕ್ ರೆಂಬೆ ಬಿದ್ದು ತಂತಿ ಕೂತುಬಿಡುತ್ತದೆ. ಕೊನೆ ಗೂಟದ ಲೈಟ್ ಆರಿದರೆ ಮೊದಲು ಬ್ಯಾಟರಿ ನೋಡಿ. 12 ವೋಲ್ಟಿಗಿಂತ ಕೆಳಗಿದ್ದರೆ ಮನೆಗೆ ತಂದು ಚಾರ್ಜ್ ಹಾಕಿ. ಬ್ಯಾಟರಿ ಸರಿ ಇದ್ದರೆ ಬೇಲಿಯನ್ನು ಮಧ್ಯಕ್ಕೆ ಬಿಚ್ಚಿ. ಮಿಷನ್ ಕಡೆಯ ಅರ್ಧದಲ್ಲಿ ವೋಲ್ಟ್ ಏರಿತು ಅಂದರೆ ತೊಂದರೆ ಆಚೆ ಅರ್ಧದಲ್ಲಿದೆ. ಅದನ್ನೂ ಮಧ್ಯಕ್ಕೆ ಬಿಚ್ಚಿ. ನಾಲ್ಕೈದು ಸಲಕ್ಕೆ ಜಾಗ ಸಿಗುತ್ತದೆ. ಅಟ್ಟದ ಮೇಲೆ ಹಳೇ ಎಎಂ ರೇಡಿಯೋ ಇದ್ದರೆ ಇನ್ನೂ ಒಳ್ಳೆಯದು. ಸ್ಟೇಷನ್ ಇಲ್ಲದ ಕಡೆ ಇಟ್ಟು ಬೇಲಿ ಪಕ್ಕ ನಡೆಯಿರಿ, ಕಿಡಿ ಹಾರುವ ಜಾಗ ಹತ್ತಿರವಾದ ಹಾಗೆ ಟಕ್ ಟಕ್ ಜೋರಾಗುತ್ತದೆ.

ಇಷ್ಟು ಕಷ್ಟ ಯಾಕೆ ಅಂದರೆ, ಆನೆಗೆ ನಮಗಿಂತ ತಾಳ್ಮೆ ಜಾಸ್ತಿ. ಅದು ಮರ ತಳ್ಳಿ ತಂತಿ ಮೇಲೆ ಕೆಡವುತ್ತದೆ, ಗೂಟ ಒದೆಯುತ್ತದೆ. ಸಲಗವಾದರೆ ದಂತದಿಂದ ತಂತಿ ಎಳೆಯುತ್ತದೆ, ದಂತದಲ್ಲಿ ಕರೆಂಟ್ ಹರಿಯುವುದಿಲ್ಲ ಅಂತ ಅದು ಎಂದೋ ಕಲಿತಿದೆ. ಒಂದು ರಾತ್ರಿ ಸತ್ತ ತಂತಿ ಮುಟ್ಟಿ ದಾಟಿತು ಅಂದರೆ, ಮರುದಿನ ನೀವು ಸರಿ ಮಾಡಿದ ತಂತಿಯನ್ನೂ ಅದು ನುಗ್ಗಿ ನೋಡುತ್ತದೆ.

ಇನ್ನೊಂದು ಮಾತು, ಇದನ್ನು ಮೆತ್ತಗೆ ಹೇಳಲು ಬರುವುದಿಲ್ಲ. ಸೋಲಾರ್ ಬೇಲಿ ಕೈಕೊಟ್ಟಿತು ಅಂತ ಮನೆಯ 230 ವೋಲ್ಟ್ ಲೈನನ್ನು ತಂತಿಗೆ ಕೊಡುವವರು ಈಗಲೂ ಇದ್ದಾರೆ. 7,000 ವೋಲ್ಟ್ ಕೊಲ್ಲದೆ 230 ಹೇಗೆ ಕೊಲ್ಲುತ್ತದೆ ಅಂತ ವಾದ ಬೇರೆ. ಬೇಲಿ ಮಿಷನ್ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಾತ್ರ ಬಡಿಯುತ್ತದೆ. ಒಂದು ಬಡಿತದ ಶಕ್ತಿಗೂ ಮಿತಿ ಇದೆ, ಮಾನದಂಡದ ಪ್ರಕಾರ 5 ಜೌಲ್ ದಾಟಬಾರದು. ಮಧ್ಯದ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ಮನೆ ಲೈನ್ ಬಿಡುವು ಕೊಡುವುದೇ ಇಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ. ಆನೆ ಸಾಯಬಹುದು, ಬೆಳಿಗ್ಗೆ ಸೊಪ್ಪಿಗೆ ಹೋದ ನಿಮ್ಮ ಮನೆಯವರೇ ಸಾಯಬಹುದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಆನೆ ಮೊದಲ ಪಟ್ಟಿಯಲ್ಲಿದೆ. ಜೈಲು ಖಂಡಿತ ಎದುರಾಗುವ ವಿಷಯ ಇದು.

ಹೋದ ಜುಲೈನಲ್ಲಿ ಮೂಡಿಗೆರೆ ಕಡೆಯಿಂದ ರಾತ್ರಿ ಎಂಟಕ್ಕೆ ಫೋನ್. ಕೊನೆ ಲೈಟ್ ಆರಿದೆ, ಪಕ್ಕದ ತೋಟದಲ್ಲಿ ಆನೆ ಇದೆಯಂತೆ, ಬೆಳಿಗ್ಗೆ ಬೇಗ ಬನ್ನಿ ಅಂದರು. ಹೋದೆ. ಬ್ಯಾಟರಿ 12.6. ಜಡಿಮಳೆಯಲ್ಲಿ, ಜಿಗಣೆ ಕೀಳುತ್ತಾ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಜೊತೆ ಒಂದೂವರೆ ಕಿಲೋಮೀಟರ್ ನಡೆದೆ. ಎಲ್ಲೂ ತೊಂದರೆ ಇಲ್ಲ. ಕೊನೆ ಗೂಟದಲ್ಲಿ ಮೀಟರ್ ಹಿಡಿದರೆ 6,800. ಪೈಪ್ ಬಗ್ಗಿಸಿ ನೋಡಿದೆ. ಕಣಜವೊಂದು ಒಳಗೆ ಸೇರಿಕೊಂಡು, ಬಲ್ಬಿನ ಮೇಲೆ ನೀಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಕಡ್ಡಿಯಿಂದ ಕೆರೆದೆ, ಅಂಗೈ ಅಡ್ಡ ಹಿಡಿದು ಇಣುಕಿದೆ. ಕಿತ್ತಳೆ ಬೆಳಕು ಮಿನುಗುತ್ತಲೇ ಇತ್ತು. ಪೈಪಿನ ಬಾಯಿಗೆ ಒಂದು ತುಂಡು ಸೊಳ್ಳೆ ಪರದೆ ಕಟ್ಟಿ ವಾಪಸ್ ಬಂದೆವು. ಯಜಮಾನರು ಸುಮ್ಮನೆ ಓಡಾಡಿಸಿದೆ ಅಂತ ಪೇಚಾಡಿಕೊಂಡರು. ಆರಿದ ಲೈಟ್ ನೋಡಿ ಫೋನ್ ಮಾಡಿದ್ದಕ್ಕೆ ನನಗೇನೂ ಬೇಜಾರಿರಲಿಲ್ಲ. ಕಾಫಿ ಕುಡಿದು, ಪೆಟ್ರೋಲ್ ದುಡ್ಡು ಮಾತ್ರ ಇಸಿದುಕೊಂಡು ಬಂದೆ.